ಗಡಿ ದಾಟಿ ಬಂದ ಕಂಠಗಳು

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಾಗಲಿ, ಹನೂರಿನ ಚಹದ ಅಂಗಡಿಯಲ್ಲಾಗಲಿ, ಯಳಂದೂರಿನ ಯಾವುದಾದರೊಂದು ಮನೆಯ ಜಗಲಿಯಲ್ಲಾಗಲಿ, ಅರುವತ್ತು ದಾಟಿದ ಹಿರಿಯರೊಬ್ಬರೊಡನೆ ಹಾಡಿನ ಮಾತು ತೆಗೆದು ನೋಡಿ. ಪಿ.ಬಿ. ಶ್ರೀನಿವಾಸ್ ಅವರ ಹೆಸರು ಬರಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಅದರ ಹಿಂದೆಯೇ ಎಸ್. ಜಾನಕಿ, ಪಿ. ಸುಶೀಲಾ, ಘಂಟಸಾಲ, ಮನೆಮಾತು ತಮಿಳಾದರೆ ಟಿ.ಎಂ. ಸೌಂದರರಾಜನ್. ಕೊನೆಗೆ ತೀರ್ಪು: ಆ ಕಾಲದ ಹಾಡೇ ಹಾಡು, ಈಗಿನದೆಲ್ಲ ಬರಿಯ ಗದ್ದಲ. ಮೊಮ್ಮಕ್ಕಳು ನಗುತ್ತಾರೆ. ಅಜ್ಜನ ಹಂಬಲವೆಲ್ಲ ಕಳೆದುಹೋದ ಯೌವನಕ್ಕಾಗಿ, ಹಾಡು ಕೇವಲ ನೆಪ ಎಂದು ಅವರ ಎಣಿಕೆ. ಆ ಎಣಿಕೆಯಲ್ಲಿ ಸತ್ಯಾಂಶವೇ ಇಲ್ಲವೆನ್ನಲಾರೆ. ಆದರೆ ನಮ್ಮ ಈ ಮೂರು ಊರುಗಳ ಮಟ್ಟಿಗೆ ಅದು ಪೂರ್ಣ ಸತ್ಯವಾಗಲಾರದು.

ಕಾರಣವನ್ನು ಭೂಪಟದಲ್ಲಿ ಹುಡುಕಬೇಕು. ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೆ 1956ರ ನವೆಂಬರ್ 1ರವರೆಗೆ ಇವೆರಡೂ ಬೇರೆ ಬೇರೆ ರಾಜ್ಯಗಳಲ್ಲಿದ್ದವು. ಯಳಂದೂರು ಮೈಸೂರು ಸಂಸ್ಥಾನದ್ದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಸೀಮೆ. ಹನೂರನ್ನೂ ಒಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಾಡು ಎರಡಾದರೆ ಕಿವಿಯೂ ಎರಡಾಗುತ್ತದೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ತೆರೆದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಯದು; ಅಖಿಲ ಭಾರತ ಬಾನುಲಿಯು ಮುಂದೆ ಅದನ್ನೇ ತನ್ನದಾಗಿಸಿಕೊಂಡಿತು. ಇತ್ತ ಕೊಳ್ಳೇಗಾಲದವರ ಜಿಲ್ಲಾ ಕೇಂದ್ರವಾದ ಕೊಯಮತ್ತೂರಿನಲ್ಲಿ ಸೆಂಟ್ರಲ್ ಸ್ಟುಡಿಯೊ ತಮಿಳು ಚಿತ್ರಗಳನ್ನು ತಯಾರಿಸುತ್ತಿತ್ತು. ಎಂ.ಕೆ. ತ್ಯಾಗರಾಜ ಭಾಗವತರ 'ಹರಿದಾಸ್' (1944) ಮದ್ರಾಸಿನ ಒಂದೇ ಚಿತ್ರಮಂದಿರದಲ್ಲಿ ಮೂರು ದೀಪಾವಳಿಗಳನ್ನು ಕಂಡಿತು. ಪುರುಷಪಾತ್ರವನ್ನೂ ಹಾಡಿ ಅಭಿನಯಿಸಿದ ಕೆ.ಬಿ. ಸುಂದರಾಂಬಾಳ್ ಅವರ ಊರು ಕೊಡುಮುಡಿ. ಅದೂ ಅಂದು ಅದೇ ಕೊಯಮತ್ತೂರು ಜಿಲ್ಲೆ. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿಯೇ ಕೊಡುಮುಡಿಯ ದಡವನ್ನೂ ತೊಳೆಯುತ್ತದೆ.

ರಾಜ್ಯಗಳ ಮರುವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು. ನೆರೆಯ ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಆ ತಾಳವಾಡಿಯ ಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಮುತ್ತುರಾಜ ಎಂಬ ಮಗು ಹುಟ್ಟಿತ್ತು. ತಂದೆ ಪುಟ್ಟಸ್ವಾಮಯ್ಯನವರು ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನವರು, ರಂಗಭೂಮಿಯ ನಟರು. ಗುಬ್ಬಿ ವೀರಣ್ಣನವರ ಕಂಪೆನಿಯಲ್ಲಿ ತಂದೆಯ ಜೊತೆಗೇ ಬೆಳೆದ ಆ ಹುಡುಗ 1954ರ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ರಾಜ್‌ಕುಮಾರ್ ಆದರು. ನಾಟಕದವರೆಂದ ಮೇಲೆ ಹಾಡಬಲ್ಲವರೇ. ಆದರೂ ಮುಂದಿನ ಎರಡು ದಶಕ ತೆರೆಯ ಮೇಲೆ ಅವರ ಹಾಡಿಗೆ ಬಹುಪಾಲು ಕಂಠ ಕೊಟ್ಟವರು ಕಾಕಿನಾಡದಲ್ಲಿ ಹುಟ್ಟಿದ ತೆಲುಗರೊಬ್ಬರು, ಪಿ.ಬಿ. ಶ್ರೀನಿವಾಸ್ (1930–2013).

ಇಲ್ಲಿ ನಮ್ಮ ಸೀಮೆಯ ರಸಿಕರು ಕಂಡ, ಬೆಂಗಳೂರಿನವರು ಅಷ್ಟಾಗಿ ಕಾಣದ ಒಂದು ಸ್ವಾರಸ್ಯವಿದೆ. ಅದೇ ಕಂಠ ತಮಿಳಿನಲ್ಲಿ ಜೆಮಿನಿ ಗಣೇಶನ್ ಅವರದ್ದು. 'ಪಾಪಕ್ಷಮೆ' ಎಂಬ ಅರ್ಥದ ಹೆಸರಿನ, ಹಿಂದೂ, ಮುಸ್ಲಿಂ, ಕ್ರೈಸ್ತ ಮನೆಗಳ ಕಥೆಯನ್ನು ಹೆಣೆದ 'ಪಾವಮನ್ನಿಪ್ಪು' (1961) ಚಿತ್ರವನ್ನು ಮಾರ್ಟಳ್ಳಿಯ ಕಡೆಯ ತಮಿಳು ಕಥೋಲಿಕರು ನೆನೆಯುವುದು ಆ ಕಂಠದಿಂದ. ಹಾಗಾಗಿ ಎರಡೂ ಭಾಷೆ ಬಲ್ಲ ಮನೆಯಲ್ಲಿ ಒಂದೇ ದನಿಯು ಒಂದು ವಾರ ಸಿಂಗಾನಲ್ಲೂರಿನವರ ಬಾಯಿಂದಲೂ, ಮರುವಾರ ಮದ್ರಾಸಿನ ನಾಯಕನ ಬಾಯಿಂದಲೂ ಹೊರಡುತ್ತಿತ್ತು. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ವಿಚಿತ್ರವೆನಿಸಬೇಕಿತ್ತು. ಧ್ವನಿಯೆಂದರೆ ಆತ್ಮವುಳ್ಳ ಜೀವಿಯ ನಾದ, ಕಲ್ಲಿಗೆ ಸದ್ದಿದೆಯೇ ಹೊರತು ಧ್ವನಿಯಿಲ್ಲ ಎಂಬುದು ಅರಿಸ್ಟಾಟಲನ ಮಾತಿನ ತಾತ್ಪರ್ಯ. ಗುರುಮಠದಲ್ಲಿ ಅದನ್ನು ಓದುವಾಗಲೆಲ್ಲ ನನಗೆ ನೆನಪಾಗುತ್ತಿದ್ದುದು ಹಿನ್ನೆಲೆ ಗಾಯನ. ಒಬ್ಬನ ಆತ್ಮದ ನಾದವು ಇನ್ನೊಬ್ಬನ ತುಟಿಯಲ್ಲಿ ಹೇಗೆ ನಿಂತೀತು? ನಿಂತದ್ದಂತೂ ನಿಜ. ಅದನ್ನು ನಿಲ್ಲಿಸಿದ್ದು ಪವಾಡವಲ್ಲ, ದುಡಿಮೆ. ಬೇರೆ ಭಾಷೆಯ ಗಾಯಕರು ಸಾಹಿತ್ಯವನ್ನು ತಾವು ಬಲ್ಲ ಲಿಪಿಯಲ್ಲಿ ಬರೆದುಕೊಂಡು, ಕವಿಯ ಬಾಯಿಂದ ಒಂದೊಂದು ಅಕ್ಷರದ ಉಚ್ಚಾರವನ್ನೂ ಕೇಳಿ ತಿದ್ದಿಕೊಳ್ಳುತ್ತಿದ್ದರು. ಆಗಿನ ಧ್ವನಿಮುದ್ರಣದಲ್ಲಿ ಹಾಡುವವರೂ ವಾದ್ಯದವರೂ ಒಂದೇ ಕೋಣೆಯಲ್ಲಿ ಒಂದೇ ಬಾರಿಗೆ ಮುಗಿಸಬೇಕು. ಪಿಟೀಲಿನವರೊಬ್ಬರು ತಪ್ಪಿದರೂ ಎಲ್ಲರೂ ಮೊದಲಿನಿಂದ. ಇಂದು ಒಂದೊಂದು ಸಾಲನ್ನು ಬೇರೆಯಾಗಿ ಹಾಡಿ, ಅಪಸ್ವರವನ್ನು ಯಂತ್ರದಿಂದ ತಿದ್ದಿ ಜೋಡಿಸಬಹುದು. ಅಂದು ಮೂರು ನಿಮಿಷ ಹತ್ತಾರು ಜನ ಒಟ್ಟಿಗೆ ಉಸಿರು ಬಿಗಿಹಿಡಿದಿರಬೇಕಿತ್ತು. ಹಳೆಯ ಹಾಡಿನಲ್ಲಿ ಏನೋ ಇದೆ ಎಂದು ಹಿರಿಯರು ಹೇಳುವ ಆ 'ಏನೋ' ಬಹುಮಟ್ಟಿಗೆ ಈ ಒಟ್ಟು ಎಚ್ಚರವೇ ಎಂದು ನನ್ನ ಅನಿಸಿಕೆ.

ಶ್ರೀನಿವಾಸ್ ಅವರ ಬಗ್ಗೆ ಇನ್ನೊಂದು ಮಾತು. ಅವರು ಹಲವು ಭಾಷೆಗಳಲ್ಲಿ ಕವಿತೆ ಬರೆದವರು, ಉರ್ದು ಗಜಲನ್ನೂ ಬಿಟ್ಟವರಲ್ಲ. ಅಂಗಿಯ ಕಿಸೆಯಲ್ಲಿ ಬಣ್ಣಬಣ್ಣದ ಲೇಖನಿಗಳನ್ನು ಸಿಕ್ಕಿಸಿಕೊಂಡು ಚೆನ್ನೈನ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಹೋಟೆಲಿನಲ್ಲಿ ಕಾಫಿಯೆದುರು ಬರೆಯುತ್ತ ಕುಳಿತಿರುತ್ತಿದ್ದ ಅವರ ಚಿತ್ರ ಅಭಿಮಾನಿಗಳಿಗೆ ಚಿರಪರಿಚಿತ.

1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು. ಜಿ.ಕೆ. ವೆಂಕಟೇಶರ ಸಂಗೀತದಲ್ಲಿ ರಾಜ್‌ಕುಮಾರ್ ತಾವೇ ಹಾಡಿದರು; ಅನಂತರ ತಮ್ಮ ಹಾಡುಗಳನ್ನು ತಾವೇ ಹಾಡುತ್ತ ಹೋದರು. ಅದಕ್ಕೆ ಬಹಳ ಮೊದಲೇ, 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಜಾನಕಿಯವರೊಡನೆ ಅವರು ಒಂದು ಯುಗಳಗೀತೆ ಹಾಡಿದ್ದನ್ನು ಬಲ್ಲವರು ಬಲ್ಲರು. 'ಜೀವನ ಚೈತ್ರ'ದ (1992) ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಶ್ರೀನಿವಾಸರ ಕಂಠದ ರಾಜ್‌ಕುಮಾರ್ ಮೇಲೋ, ಸ್ವಂತ ಕಂಠದ ರಾಜ್‌ಕುಮಾರ್ ಮೇಲೋ ಎಂಬ ವಾದ ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರನ್ನು ಬೇರೆ ಮಾಡಿದೆ. ನನ್ನ ಮತ ಕೇಳಿದರೆ, ಮೊದಲನೆಯದರಲ್ಲಿ ಮಾಧುರ್ಯ ಹೆಚ್ಚು, ಎರಡನೆಯದರಲ್ಲಿ ಮಣ್ಣಿನ ವಾಸನೆ ಹೆಚ್ಚು. ಆದರೆ ಇವರಿಬ್ಬರನ್ನೂ ಬದಿಗಿಟ್ಟು 1966ರ 'ಸಂಧ್ಯಾರಾಗ'ವನ್ನು ಮೊದಲು ಕೇಳಿರೆಂದು ಯುವಕರಿಗೆ ಹೇಳುತ್ತೇನೆ. ಅ.ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ ಆ ಚಿತ್ರಕ್ಕಾಗಿ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಹಾಡಿದ್ದಾರೆ.

ನಮ್ಮ ಮನೆಗಳಿಗೆ ಹತ್ತಿರವಾದ ಎರಡು ಹೆಸರುಗಳನ್ನು ಇಲ್ಲಿ ಹೇಳದೆ ಬಿಡಲಾಗದು. ಎಲ್.ಆರ್. ಈಶ್ವರಿಯವರು ಮದ್ರಾಸಿನ ಕಥೋಲಿಕ ಕುಟುಂಬದವರು. ಅವರ ಹೆಸರಿನ ಮೊದಲಕ್ಷರದಲ್ಲಿ ಲೂರ್ದು ಮಾತೆಯೇ ಇದ್ದಾಳೆ. ತಾಯಿ ಚಿತ್ರಗಳಲ್ಲಿ ಸಮೂಹಗಾಯಕಿ. ಕ್ಲಬ್ಬಿನ ನೃತ್ಯಗಳಿಗೆ ಅವರು ಕನ್ನಡದಲ್ಲೂ ತಮಿಳಿನಲ್ಲೂ ಹಾಡಿದ ಹಾಡುಗಳು ಬಾನುಲಿಯಲ್ಲಿ ಬಂದಾಗ ಭಕ್ತಿವಂತರ ಮನೆಗಳಲ್ಲಿ ಗುಂಡಿ ತಿರುಗಿಸಿ ಸದ್ದು ತಗ್ಗಿಸುವುದಿತ್ತು. ಪೂರ್ತಿ ಆರಿಸುತ್ತಿದ್ದವರು ಕಡಿಮೆ. ಅದೇ ಈಶ್ವರಿಯವರ ದೇವಿಯ ಹಾಡುಗಳಿಲ್ಲದೆ ಗಡಿಯಾಚೆ ಆಡಿ ತಿಂಗಳ ಅಮ್ಮನ ಹಬ್ಬ ನಡೆಯುವುದಿಲ್ಲ. ಇನ್ನೊಬ್ಬರು 1940ರಲ್ಲಿ ಫೋರ್ಟ್ ಕೊಚ್ಚಿಯ ಲತೀನ್ ಕಥೋಲಿಕ ಮನೆಯಲ್ಲಿ ಜನಿಸಿದ ಯೇಸುದಾಸ್. ತಂದೆ ಅಗಸ್ಟೀನ್ ಜೋಸೆಫ್, ಪುಟ್ಟಸ್ವಾಮಯ್ಯನವರಂತೆಯೇ ರಂಗನಟ, ಗಾಯಕ. 'ಮಲಯ ಮಾರುತ'ದಲ್ಲಿ (1986) ಅವರ ಕಂಠ ಕೇಳಿದ ಕನ್ನಡಿಗನಿಗೆ ಇವರು ಹೊರಗಿನವರೆಂಬ ಭಾವನೆಯೇ ಬಾರದು. ಶಬರಿಮಲೆಯಲ್ಲಿ ರಾತ್ರಿ ಬಾಗಿಲು ಮುಚ್ಚುವಾಗ ಮೊಳಗುವುದೂ ಇವರ ಧ್ವನಿಯೇ.

ಇಷ್ಟೊಂದು ಇಂಪಿನ ಬಗ್ಗೆ ಗುರುವೊಬ್ಬ ಬರೆಯಬಹುದೇ ಎಂದು ಕೇಳುವವರಿಗೆ ಸಂತ ಅಗಸ್ಟೀನರ ಹತ್ತನೆಯ ಪುಸ್ತಕವನ್ನು ತೋರಿಸುತ್ತೇನೆ. 'ಅರಿಕೆಗಳು' ಎಂಬ ತಮ್ಮ ಗ್ರಂಥದ ಆ ಭಾಗದಲ್ಲಿ ಅವರು ಕಿವಿಯ ಸುಖವನ್ನು ವಿಚಾರಣೆಗೆ ನಿಲ್ಲಿಸುತ್ತಾರೆ. ಹಾಡಿದ ಮಾತಿಗಿಂತ ಹಾಡುವ ದನಿಯೇ ಮನಸ್ಸನ್ನು ಸೆಳೆದೀತೆಂಬ ಭಯ ಒಂದೆಡೆ. ವಿಶ್ವಾಸದ ಮೊದಲ ದಿನಗಳಲ್ಲಿ ದೇವಾಲಯದ ಗಾಯನ ಕೇಳಿ ಸುರಿಸಿದ ಕಣ್ಣೀರಿನ ನೆನಪು ಇನ್ನೊಂದೆಡೆ. ಕೊನೆಗೆ ಅವರು ಹಾಡಿನ ಪರವಾಗಿಯೇ ವಾಲುತ್ತಾರೆ, ಆದರೆ ತೀರ್ಪನ್ನು ಬಿಗಿಯಾಗಿ ಕೊಡುವುದಿಲ್ಲ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯನ್ನು ಜನರ ಭಾಷೆಗಳಿಗೆ ತೆರೆದ ಮೇಲೆ ನಮ್ಮ ದೇವಾಲಯಗಳಿಗೆ ಹಾರ್ಮೋನಿಯಂ, ತಬಲ ಬಂದವು. ಅವುಗಳ ಬೆನ್ನಿಗೆ ಸಿನಿಮಾ ಧಾಟಿಗಳೂ ನುಸುಳಿದವು. ಕಾಣಿಕೆಯ ಗೀತೆ ಆರಂಭವಾದೊಡನೆ ಹಿಂದಿನ ಸಾಲಿನ ಯುವಕರು ಮುಸಿಮುಸಿ ನಕ್ಕರೆ, ಮೂಲ ಹಾಡು ಯಾವುದೆಂದು ಅವರಿಗೆ ತಿಳಿದಿದೆಯೆಂದೇ ಅರ್ಥ. ಇದು ನನಗೆ ಒಗ್ಗದ ಸಂಗತಿ. ಸಾಲದ ಧಾಟಿಯಲ್ಲಿ ಹಾಡಿದ ಪ್ರಾರ್ಥನೆ ಎರಡು ಕಡೆಗೂ ಅನ್ಯಾಯ.

ಹಳೆಯ ಮನರಂಜನೆಯ ಮತ್ತೊಂದು ಗುಣ ಕಾಯುವಿಕೆ. ಟೂರಿಂಗ್ ಟಾಕೀಸಿನ ಡೇರೆಯಿಂದ ಸಂಜೆ ಧ್ವನಿವರ್ಧಕದಲ್ಲಿ ದೇವರ ಹಾಡು ಕೇಳಿಸಿದರೆ ಟಿಕೀಟು ಕೊಡಲು ಆರಂಭವೆಂದು ಸುತ್ತಲ ಹಳ್ಳಿಗಳಿಗೆ ತಿಳಿಯುತ್ತಿತ್ತು. ಮಗ್ಗದ ಲಾಳಿ ನಡೆಯುತ್ತಿರುವಾಗಲೇ ಬಾನುಲಿಯ ಕೋರಿಕೆಯ ಕಾರ್ಯಕ್ರಮಕ್ಕೆ ಕಿವಿ. ಕಾರ್ಡು ಬರೆದವರ ಹೆಸರುಗಳ ನಡುವೆ ನಮ್ಮ ಊರಿನ ಹೆಸರು ಬಂದೀತೇ ಎಂಬ ಕುತೂಹಲ. ತಮಿಳು ಮನೆಗಳಲ್ಲಿ ಸಿಲೋನ್ ಬಾನುಲಿ. ಮೆಚ್ಚಿನ ಹಾಡು ಮತ್ತೆ ಯಾವಾಗ ಬರುವುದೋ ತಿಳಿಯದು. ಆದ್ದರಿಂದ ಬಂದಾಗ ಇಡೀ ಮೈ ಕಿವಿಯಾಗಬೇಕು. ಬಾಯಿಪಾಠವಾದ ಕೀರ್ತನೆಯೊಂದನ್ನು ಹಾಡುವವನ ಮನಸ್ಸು ಹಾಡಿ ಮುಗಿದುದರ ನೆನಪಿಗೂ ಇನ್ನು ಹಾಡಬೇಕಾದುದರ ನಿರೀಕ್ಷೆಗೂ ಚಾಚಿಕೊಂಡಿರುತ್ತದೆ ಎಂದು ಅಗಸ್ಟೀನರೇ ಹನ್ನೊಂದನೆಯ ಪುಸ್ತಕದಲ್ಲಿ ವಿವರಿಸುತ್ತಾರೆ. ಬೆರಳು ತಾಗಿಸಿದೊಡನೆ ಮುಂದಿನ ಹಾಡಿಗೆ ಜಿಗಿಯುವ ಕೈಗೆ ಈ ಚಾಚುವಿಕೆಯ ಅಭ್ಯಾಸ ತಪ್ಪುತ್ತಿದೆ.

ಆದರೆ ನಮ್ಮ ರಸಿಕರ ಸಂಗ್ರಹಗಳಲ್ಲಿ ದೊಡ್ಡದೊಂದು ಖಾಲಿ ಜಾಗವಿದೆ. ಮದ್ರಾಸಿನಲ್ಲಿ ಹಾಡಿದ್ದೆಲ್ಲ ತಟ್ಟೆಯಾಗಿ, ಕ್ಯಾಸೆಟ್ಟಾಗಿ ಉಳಿಯಿತು. ಕಂಚಿನ ಕಂಸಾಳೆ ಹಿಡಿದು ಮಲೆ ಮಹದೇಶ್ವರನ ಕಾವ್ಯ ಹಾಡುವ ದೇವರಗುಡ್ಡರು, ತಂಬೂರಿ ಗಗ್ಗರಗಳೊಡನೆ ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆ ಹಾಡುವ ನೀಲಗಾರರು ನಮ್ಮ ಬಾಗಿಲಿನಲ್ಲೇ ಇದ್ದರು. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಚಂದ್ರಮಂಡಲ ಉರಿದ ರಾತ್ರಿ ಬೆಳಗಾಗುವ ತನಕ ಹಾಡಬಲ್ಲ ಕಂಠಗಳವು. ಮೂರು ನಿಮಿಷದ ತಟ್ಟೆಗೆ ಅವು ಹಿಡಿಸುವುದು ಹೇಗೆ? ವಿದ್ವಾಂಸರು ಧ್ವನಿಮುದ್ರಿಸಿ ಬರೆದಿಟ್ಟದ್ದು ಭಾಗ್ಯ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಹದೇಶ್ವರ ಕಾವ್ಯ ಇಂಗ್ಲಿಷಿಗೂ ಹೋಗಿ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಪ್ರಕಟವಾಯಿತು. ಪೇಟೆಯ ರಸಿಕರು ಆ ಧಾಟಿಯತ್ತ ತಿರುಗಿ ನೋಡಿದ್ದು 1996ರ 'ಜನುಮದ ಜೋಡಿ'ಯಲ್ಲಿ ಎಲ್.ಎನ್. ಶಾಸ್ತ್ರಿಯವರು ಹಾಡಿ ರಾಜ್ಯಪ್ರಶಸ್ತಿ ಪಡೆದ ಮೇಲೆ. ಮನೆಯ ಮುಂದಿನ ಹಾಡು ಬೆಂಗಳೂರಿಗೆ ಹೋಗಿ ಮರಳಿ ಬರಬೇಕಾಯಿತು!

ಇದಕ್ಕಿಂತ ಸಣ್ಣ, ಇದಕ್ಕಿಂತ ಬೇಗ ಅಳಿಯುವ ಕಂಠಗಳು ನಮ್ಮ ಮನೆಗಳೊಳಗಿವೆ. ಜಪಸರ ಮುಗಿದ ಮೇಲೆ ಹಾಡುತ್ತಿದ್ದ ಅಜ್ಜಿ, ತಪಸ್ಸುಕಾಲದಲ್ಲಿ ಮಾತೆಯ ವ್ಯಾಕುಲದ ಹಾಡನ್ನು ರಾಗವೆಳೆದು ಹೇಳುತ್ತಿದ್ದ ಉಪದೇಶಿ, ಇವರನ್ನು ಯಾವ ಕಂಪೆನಿಯೂ ಮುದ್ರಿಸಲಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಯಾರೋ ಗುಂಡಿ ಒತ್ತಿದ್ದರಿಂದ ಕೆಲವು ಉಳಿದಿವೆ. ಅವೂ ಹೆಚ್ಚು ದಿನ ಇರಲಾರವು: ತೇವಕ್ಕೆ ಫೀತಿಗೆ ಬೂಷ್ಟು ಹಿಡಿಯುತ್ತದೆ, ಕಂದು ಲೇಪ ಉದುರುತ್ತದೆ, ನುಡಿಸುವ ಯಂತ್ರಗಳೇ ಸಿಗುವುದಿಲ್ಲ.

ಕೊಳ್ಳೇಗಾಲದ ಹಿರಿಯ ನೇಕಾರರೊಬ್ಬರ ಬಳಿ ಇನ್ನೂರಕ್ಕೂ ಮೀರಿ ಕ್ಯಾಸೆಟ್ಟುಗಳಿವೆ, ಎಲ್ಲವೂ ಹಳೆಯ ಚಿತ್ರಗೀತೆಗಳು. ಎಲ್ಲವೂ ಈಗ ಮೊಬೈಲಿನಲ್ಲೇ ಸಿಗುತ್ತವೆಂದು ಮೊಮ್ಮಗ ಅವುಗಳನ್ನು ಗುಜರಿಗೆ ಹಾಕಲು ಹೊರಟಾಗ ಅವರು ಒಂದನ್ನು ಮಾತ್ರ ಎತ್ತಿಟ್ಟುಕೊಂಡರು. ಅದರ ಎರಡನೆಯ ಬದಿಯಲ್ಲಿ, ಚಿತ್ರಗೀತೆಗಳು ಮುಗಿದು ಉಳಿದ ಜಾಗದಲ್ಲಿ, ಅವರ ತಾಯಿ ಎರಡು ಹಾಡು ಹಾಡಿದ್ದಾರೆ: ಒಂದು ಕನ್ನಡ, ಒಂದು ತಮಿಳು. ಮೊಮ್ಮಗ ಅದನ್ನು ಕೇಳಿ ತಾನೇ ಮೈಸೂರಿಗೆ ಒಯ್ದು ಗಣಕಯಂತ್ರಕ್ಕೆ ಏರಿಸಿಕೊಂಡು ಬಂದ. ಮಿಕ್ಕ ಕ್ಯಾಸೆಟ್ಟುಗಳೂ ಸದ್ಯಕ್ಕೆ ಅಟ್ಟದಲ್ಲೇ ಉಳಿದಿವೆ. ಎರಡು ಹಾಡುಗಳ ನಡುವೆ ತಾಯಿ ಕೆಮ್ಮುತ್ತಾರೆ, ನೀರು ಕೇಳುತ್ತಾರೆ. ಆ ಬಿಡುವಿನಲ್ಲಿ ನೆರೆಮನೆಯ ಬಾನುಲಿಯಿಂದ ಶ್ರೀನಿವಾಸರ ಕಂಠ ಸಣ್ಣಗೆ ಕೇಳಿಸುತ್ತದೆ. ಕನ್ನಡದ ಹಾಡೋ ತಮಿಳಿನದ್ದೋ ಎಂದು ಅಜ್ಜ ಮೊಮ್ಮಗ ಇನ್ನೂ ಜಗಳವಾಡುತ್ತಿದ್ದಾರೆ.