ಡ್ರಮ್ಮಿನ ತಳದ ಬಿಳಿ ಹಕ್ಕಳೆ

ಗುತ್ತಿಗಾರು ಸುತ್ತಲಿನ ಅಡಿಕೆ ತೋಟಗಳಲ್ಲಿ ಕೊಳೆರೋಗ ತಡೆಯಲು ಮಳೆ ಹಿಡಿಯುವ ಮುನ್ನ ಒಮ್ಮೆ, ಆಮೇಲೆ 40–45 ದಿನಗಳಿಗೆ ಮತ್ತೊಮ್ಮೆ ಬಿಡುವ ಮದ್ದು ಶೇ. 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು ಮತ್ತು 1 ಕಿಲೋ ಸುಣ್ಣ. ಫ್ರಾನ್ಸಿನ ವಿಜ್ಞಾನಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿ ಬಳ್ಳಿಗಾಗಿ ಪ್ರಕಟಿಸಿದ ಈ ಮದ್ದಿನ ಗುಣಗಾನ ಬೇಕಾದಷ್ಟು ನಡೆದಿದೆಯಾದರೂ, ಕಲಸಿದ ಡ್ರಮ್ಮಿನಲ್ಲಿ ಅದು ಬಿಟ್ಟುಹೋಗುವ ಹಕ್ಕಳೆಯ ಕಡೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ನೀಲಿ ಹೋದರೆ ಡ್ರಮ್ಮು ಶುದ್ಧವಾಯಿತೆಂಬುದು ತಪ್ಪು ತಿಳಿವಳಿಕೆ. ನೀಲಿ ಬಣ್ಣ ತಾಮ್ರದ ಸಂಯುಕ್ತದ್ದು. ವಿನೇಗರ್‌ನಂಥ ಸೌಮ್ಯ ಆಮ್ಲಕ್ಕೂ ಅದು ಕರಗುತ್ತದೆ. ಮೈಲುತುತ್ತಿನ ಸಲ್ಫೇಟ್ ಭಾಗವು ಸುಣ್ಣದ ಕ್ಯಾಲ್ಸಿಯಂ ಜೊತೆ ಸೇರಿ ಹುಟ್ಟುವ ಜಿಪ್ಸಂ ಮಾತ್ರ ಹಠಮಾರಿ. ರಾಸಾಯನಿಕ ಲೆಕ್ಕದಂತೆ 1 ಕಿಲೋ ಮೈಲುತುತ್ತಿನಿಂದ ಹೆಚ್ಚೆಂದರೆ ಸುಮಾರು 690 ಗ್ರಾಂ ಜಿಪ್ಸಂ ಹುಟ್ಟಬಹುದು. ಒಂದು ಲೀಟರ್ ನೀರು ಕರಗಿಸಿಕೊಳ್ಳಬಲ್ಲದ್ದು ಅದರಲ್ಲಿ 2 ಗ್ರಾಂಗಿಂತ ತುಸು ಹೆಚ್ಚನ್ನಷ್ಟೇ. ಉಳಿದದ್ದರಲ್ಲಿ ಒಂದಷ್ಟು ತಳದಲ್ಲಿ ಕೂತು, ಒಣಗಿ, ಉಗುರಿನಿಂದ ಕೆರೆದರೆ ಮರಳಿನಂತೆ ಕರಕರ ಎನ್ನುವ ಬಿಳಿ ಪದರವಾಗುತ್ತದೆ.

ಈ ಪದರದ ಮೇಲೆ ವಿನೇಗರ್ ಸುರಿದರೆ ಅದರಲ್ಲಿ ಬೆರೆತ ಸುಣ್ಣದ ಅಂಶ ನೊರೆಯೆದ್ದು ಕರಗಿಹೋಗುತ್ತದೆ, ಜಿಪ್ಸಂ ಮಾತ್ರ ಮಿಸುಕಾಡದೆ ಹಾಗೆಯೇ ಉಳಿಯುತ್ತದೆ. ಆಮ್ಲವನ್ನು ಚೆಲ್ಲಿ, ತೊಳೆದು, ವಾಷಿಂಗ್ ಸೋಡಾದ ಗಟ್ಟಿ ದ್ರಾವಣ ತುಂಬಿ ಒಂದು ರಾತ್ರಿ ಬಿಟ್ಟರೆ ನಡೆಯುವುದು ನಿಜಕ್ಕೂ ಸೊಗಸಾದ ರಸಾಯನಶಾಸ್ತ್ರ. ಕ್ಯಾಲ್ಸಿಯಂ ಕಾರ್ಬೊನೇಟು ಜಿಪ್ಸಂಗಿಂತ ನೂರು ಪಟ್ಟಿಗೂ ಹೆಚ್ಚು ಕಷ್ಟದಿಂದ ನೀರಿನಲ್ಲಿ ಕರಗುವುದರಿಂದ, ಜಿಪ್ಸಂನ ಕ್ಯಾಲ್ಸಿಯಂ ತನ್ನ ಸಲ್ಫೇಟನ್ನು ಬಿಟ್ಟು ಸೋಡಾದ ಕಾರ್ಬೊನೇಟನ್ನು ಹಿಡಿಯುತ್ತದೆ. ಸಲ್ಫೇಟು ಸೋಡಿಯಂ ಜೊತೆಗೂಡಿ ನೀರಿಗಿಳಿಯುತ್ತದೆ. ಆ ನೀರನ್ನು ಪೂರ್ತಿ ಚೆಲ್ಲಿಯೇ ಮತ್ತೆ ವಿನೇಗರ್ ಹಾಕಬೇಕು, ಇಲ್ಲದಿದ್ದರೆ ವಿನೇಗರ್‌ನಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ನೀರಲ್ಲುಳಿದ ಸಲ್ಫೇಟ್ ಕೂಡಿ ಪುನಃ ಜಿಪ್ಸಂ ಆಗಬಹುದು. ಹಿಂದಿನ ದಿನ ಆಮ್ಲಕ್ಕೆ ಜಗ್ಗದಿದ್ದ ಅದೇ ಕಣಗಳು ಈಗ ಬುಸುಗುಟ್ಟಿ ಗುಳ್ಳೆಯೆಬ್ಬಿಸುತ್ತ ಕರಗುವುದು ನೋಡತಕ್ಕ ದೃಶ್ಯ. ಕಾರ್ಖಾನೆಗಳ ಬಾಯ್ಲರುಗಳಲ್ಲೂ ತೈಲಬಾವಿಗಳ ಕೊಳವೆಗಳಲ್ಲೂ ಕಟ್ಟುವ ಜಿಪ್ಸಂ ಹಕ್ಕಳೆಯನ್ನು ಇದೇ ಎರಡು ಹಂತಗಳ ಉಪಾಯದಿಂದ ತೆಗೆಯುವುದುಂಟು.

ನೆರೆಕರೆಯ ತೋಟಗಳ ನಡುವೆ ಕೈಬದಲಾಗುವ ಡ್ರಮ್ಮಿಗೆ ಈ ಶುದ್ಧಿ ಇನ್ನಷ್ಟು ಅಗತ್ಯ, ಏಕೆಂದರೆ ಪದರದ ಸಂದುಗಳು ಹಿಂದಿನ ಮದ್ದನ್ನು ಹಿಡಿದಿಟ್ಟು ಮುಂದಿನದಕ್ಕೆ ಬೆರೆಸಬಲ್ಲವು. ಆದರೆ ಕಳೆನಾಶಕ ಕಲಸಿದ ಡ್ರಮ್ಮನ್ನು ಎಷ್ಟೇ ತೊಳೆದರೂ ಬೋರ್ಡೋಗೆ ಬಳಸದಿರುವುದೇ ಲೇಸು. 2,4-ಡಿಯಂಥ ಕಳೆನಾಶಕದ ಅಲ್ಪ ಶೇಷವೂ ಅಡಿಕೆ ಮರಕ್ಕೆ ಹಬ್ಬಿಸಿದ ಕರಿಮೆಣಸಿನ ಬಳ್ಳಿಗೆ ಹಾನಿ ಮಾಡಬಲ್ಲದು.

ತಾಮ್ರ ಕರಗಿದ ಮೊದಲ ತೊಳೆನೀರನ್ನು ತೋಡಿಗೆ ಬಿಡುವುದು ಮೀನುಗಳಿಗೆ ವಿಷವಿಕ್ಕಿದಂತೆ. ಅದಕ್ಕೆ ಸುಣ್ಣದ ತಿಳಿ ಬೆರೆಸಿದರೆ ತಾಮ್ರ ಗಷ್ಟಾಗಿ ತಳ ಸೇರುತ್ತದೆ. ಸುಣ್ಣ ಸಾಕಾಯಿತೇ ಎಂದು ತಿಳಿಯಲು, ಬೋರ್ಡೋ ಕಲಸುವಾಗ ಮಾಡುವಂತೆಯೇ ಉಜ್ಜಿ ಹೊಳಪುಗೊಳಿಸಿದ ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕು.