ಮೆತ್ತನೆಯ ಲೋಹ, ಬಿರಿಯುವ ಪಿಂಗಾಣಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಕಡೆ ಹಳೆಯ ಕಲ್ಲಿನ ಗುಡಿಗಳಿಗೆ ಕೊರತೆಯಿಲ್ಲ. ಕಲ್ಲುಗೋಡೆಯ ಸಂದಿನಲ್ಲಿ ಹಕ್ಕಿ ಉದುರಿಸಿದ ಅರಳಿಬೀಜ ಮೊಳೆತರೆ ಏನಾಗುತ್ತದೆಂದು ಅಲ್ಲಿನ ಶಾಲಾಮಕ್ಕಳಿಗೂ ಗೊತ್ತು. ಉಗುರಿನಿಂದ ಚಿವುಟಬಹುದಾದ ಬೇರು ಒಳಗಿಳಿದು, ದಪ್ಪವಾಗಿ, ಕಡೆಗೆ ಕಲ್ಲನ್ನೇ ಸರಿಸುತ್ತದೆ. ನಾಳಿನ ಬ್ಯಾಟರಿಗಳನ್ನು ಕಾಡುತ್ತಿರುವ ತೊಂದರೆಯೂ ಹೆಚ್ಚುಕಡಿಮೆ ಇಂಥದೇ.

ಮೊಬೈಲ್, ವಿದ್ಯುತ್ ಸ್ಕೂಟರುಗಳ ಲಿಥಿಯಂ ಬ್ಯಾಟರಿಯಲ್ಲಿ ಎರಡು ಧ್ರುವಗಳ ನಡುವೆ ಅಯಾನುಗಳು ಓಡಾಡಲು ಒಂದು ಮಾಧ್ಯಮ ಬೇಕು. ಅದೇ ಎಲೆಕ್ಟ್ರೊಲೈಟ್. ಈಗ ಸಾಮಾನ್ಯವಾಗಿ ಬಳಸುವ ಎಲೆಕ್ಟ್ರೊಲೈಟ್ ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ಅದರ ಬದಲು ಬೆಂಕಿಗೆ ಜಗ್ಗದ ಪಿಂಗಾಣಿಯ ಬಿಲ್ಲೆ ಇಟ್ಟು, ಋಣಧ್ರುವಕ್ಕೆ ಗ್ರಾಫೈಟಿನ ಬದಲು ಲಿಥಿಯಂ ಲೋಹವನ್ನೇ ಬಳಸಿದರೆ ಅಷ್ಟೇ ತೂಕದಲ್ಲಿ ಹೆಚ್ಚು ಶಕ್ತಿ ತುಂಬಬಹುದು. ಇದೇ ಘನಸ್ಥಿತಿ ಬ್ಯಾಟರಿ.

ಆದರೆ ಚಾರ್ಜ್ ಮಾಡುವಾಗ ಲಿಥಿಯಂ ಎಲ್ಲೆಡೆ ಸಮನಾಗಿ ಕೂರುವುದಿಲ್ಲ. ಕೆಲವೆಡೆ ಕವಲೊಡೆದು ಬೆಳೆಯುತ್ತದೆ. ಈ ಕವಲುಗಳಿಗೆ ‘ಡೆಂಡ್ರೈಟ್’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಡೆಂಡ್ರಾನ್’ ಎಂದರೆ ಮರ. ಕವಲು ಆಚೆಯ ಧ್ರುವವನ್ನು ಮುಟ್ಟಿತೆಂದರೆ ಶಾರ್ಟ್ ಸರ್ಕಿಟ್. ಗಟ್ಟಿ ಪಿಂಗಾಣಿ ಇದಕ್ಕೆ ಅಡ್ಡಗೋಡೆಯಾದೀತೆಂಬ ನಂಬಿಕೆ ಇತ್ತು. ಚಾಕುವಿನಿಂದ ಕತ್ತರಿಸಬಹುದಾದಷ್ಟು ಮೆತ್ತಗಿನ ಲಿಥಿಯಂ ಆ ಗೋಡೆಯನ್ನೂ ಸೀಳಿತು!

ಹೇಗೆ? ಗಟ್ಟಿತನ ಬೇರೆ, ಬಿರುಕು ತಾಳುವ ಗುಣ ಬೇರೆ. ಪಿಂಗಾಣಿ ಬಟ್ಟಲಿಗೆ ಸುಲಭವಾಗಿ ಗೀರು ಬೀಳದು. ಕೈಜಾರಿದರೆ ಮಾತ್ರ ಚೂರು. ಬಿಲ್ಲೆಯ ಮೈಯಲ್ಲಿ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ. ಚಾರ್ಜ್ ಆಗುವಾಗ ಅವುಗಳಲ್ಲಿ ಲಿಥಿಯಂ ತುಂಬಿಕೊಳ್ಳುತ್ತದೆ. ಮತ್ತಷ್ಟು ಬಂದಂತೆ ಹೊರಬರಲು ದಾರಿಯಿಲ್ಲದೆ ಒತ್ತಡ ಏರಿ, ಸೀಳಿನ ತುದಿ ಬಿರಿಯುತ್ತದೆ. ಬಿರುಕು ಮುಂದೆ ಓಡುತ್ತದೆ, ಲಿಥಿಯಂ ಬೆಣೆಯಂತೆ ಹಿಂದಿನಿಂದ ಅಗಲಿಸುತ್ತದೆ ಎಂಬುದನ್ನು ಆಕ್ಸ್‌ಫರ್ಡ್ ವಿಜ್ಞಾನಿಗಳು 2021ರಲ್ಲಿ ಎಕ್ಸ್-ರೇ ಚಿತ್ರಗಳಲ್ಲಿ ತೋರಿಸಿದರು. ಚಾರ್ಜ್ ವೇಗವಾದಷ್ಟೂ ಅಪಾಯ ಹೆಚ್ಚು. ಹತ್ತೇ ನಿಮಿಷದಲ್ಲಿ ಬ್ಯಾಟರಿ ತುಂಬಬೇಕೆಂಬ ನಮ್ಮ ಆಸೆಗೆ ಇದೇ ಅಡ್ಡಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾಗಫಣಿ ಏಟುಕೂರಿ ಅವರ ತಂಡ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರೊಡನೆ 2022ರಲ್ಲಿ ಇದರ ಇನ್ನೊಂದು ಮೂಲವನ್ನು ಹುಡುಕಿತು. ಬ್ಯಾಟರಿ ಬರಿದಾಗುವಾಗ ಲಿಥಿಯಂ ಹೊರಟುಹೋದ ಜಾಗದಲ್ಲಿ ಸೂಕ್ಷ್ಮ ಪೊಳ್ಳುಗಳು ಉಳಿಯುತ್ತವೆ. ಅವುಗಳ ಅಂಚಿನಲ್ಲಿ ವಿದ್ಯುತ್ ಪ್ರವಾಹ ಸರಾಸರಿಗಿಂತ ಸುಮಾರು 10,000 ಪಟ್ಟು ಸಾಂದ್ರವಾಗುತ್ತದೆ. ಬಿರುಕಿಗೆ ಅದೇ ನಾಂದಿ. ಲಿಥಿಯಂ ಮತ್ತು ಪಿಂಗಾಣಿಯ ನಡುವೆ ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಂನ ಅತಿ ತೆಳು ಲೇಪ ಕೊಟ್ಟಾಗ ಡೆಂಡ್ರೈಟ್ ಬೆಳೆಯುವುದು ತಡವಾಯಿತು. ಅದೇ ವರ್ಷ ಅಮೆರಿಕದ ಎಂಐಟಿ ತಂಡ, ಬಿಲ್ಲೆಯನ್ನು ಪಕ್ಕದಿಂದ ಒತ್ತಿ ಹಿಡಿದರೆ ಬಿರುಕು ಆಚೆ ಬದಿಗೆ ಹೋಗದೆ ದಿಕ್ಕು ಬದಲಿಸುತ್ತದೆಂದು ತೋರಿಸಿತು.

ಬ್ಯಾಟರಿ ಎಂದರೆ ಬರೀ ರಸಾಯನವಿಜ್ಞಾನವೆಂದು ವಿದ್ಯಾರ್ಥಿಗಳು ಭಾವಿಸಬೇಕಿಲ್ಲ. ಇಲ್ಲಿ ಭೌತವಿಜ್ಞಾನವಿದೆ, ಲೋಹವಿಜ್ಞಾನವಿದೆ, ಬಿರುಕಿನ ಲೆಕ್ಕವಿದೆ. ‘ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಲಿ?’ ಎಂದು ಮಗಳು ಕೇಳಿದಾಗ ತಂದೆತಾಯಿ ಇದನ್ನೂ ನೆನಪಿಡಬಹುದು. ಪಿಂಗಾಣಿ ಬಿರಿಯದಂತೆ ಕಾಯುವ ಕೆಲಸ ಇನ್ನೂ ಮುಗಿದಿಲ್ಲ.