ಒಂದು ಚೊಂಬು ಬಿಸಿನೀರಿನ ಬೆಲೆ

ಕಾರಿನ ಗಾಜಿನ ಮಾತು ಅಡಿಗೆ-ಹೊಲಿಗೆಯ ಪುಟಗಳಲ್ಲಿ ಯಾಕೆ ಅಂತ ಮೂಗು ಮುರಿಯಬೇಡಿ. ಗಾಜು ಒಡೆಯುವುದು ಅಂಗಳದಲ್ಲಿ, ನಿಜ. ಆದರೆ ಅದಕ್ಕೆ ದುಡ್ಡು ಹೊರಡುವುದು ಅಡಿಗೆಮನೆಯ ಸಾಸಿವೆ ಡಬ್ಬಿಯಿಂದಲೇ ಅಲ್ಲವೇ? ನಮ್ಮನೆಯಲ್ಲಂತೂ ಹಾಗೇ ಆಯಿತು. ಅದೂ ಅಲ್ಲದೆ, ಒಡೆದವಳು ನಾನೇ.

ಹೋದ ಚಳಿಗಾಲ, ವೈಕುಂಠ ಏಕಾದಶಿಯ ಬೆಳಗ್ಗೆ. ನಮ್ಮ ಮನೆ ಮಂಡ್ಯದಲ್ಲಿ. ಮಳವಳ್ಳಿಯಲ್ಲಿ ನಾದಿನಿಯನ್ನು ಹತ್ತಿಸಿಕೊಂಡು ಶಿವನಸಮುದ್ರದ ಮಧ್ಯರಂಗನ ದರ್ಶನಕ್ಕೆ ಹೋಗುವುದು ಅಂತ ಮಾತಾಗಿತ್ತು. ನಾಲ್ಕು ಗಂಟೆಗೇ ಎದ್ದು ಸ್ನಾನ ಮುಗಿಸಿ ಹೊರಗೆ ಬಂದರೆ ಕಾರಿನ ಮುಂದಿನ ಗಾಜಿನ ತುಂಬ ಇಬ್ಬನಿ. "ಏನೇ, ಹಂಡೆಯಿಂದ ಒಂದು ಚೊಂಬು ಬಿಸ್ನೀರು ತಗೊಂಬಾರೇ" ಅಂತ ಯಜಮಾನರು ಕೂಗಿದರು. ಹಬೆಯಾಡುವ ನೀರು ತಂದವಳು, ಅವರ ಕೈಗೆ ಯಾಕೆ ಕೊಡಲಿ ಅಂತ ನಾನೇ ಸುರಿದುಬಿಟ್ಟೆ. ಚಟ್ ಅಂತು. ಎಡಗಡೆಯಿಂದ ಹೊರಟ ಗೀರು ನೋಡನೋಡುತ್ತಿದ್ದ ಹಾಗೇ ಗಾಜಿನ ನಡುವಿನವರೆಗೂ ಓಡಿತು.

"ನೀನು ಸುರಿದೆ" ಅಂತ ಅವರು. "ನೀವು ಕೇಳಿದ್ರಿ" ಅಂತ ನಾನು. ದೇವರ ದರ್ಶನಕ್ಕೆ ಬಸ್ಸಿನಲ್ಲಿ ಹೋದದ್ದಾಯಿತು, ದಾರಿಯುದ್ದಕ್ಕೂ ಮಾತಿಲ್ಲ.

ಆಮೇಲೆ ಮಂಡ್ಯದ ಗಾಜಿನ ಮೇಸ್ತ್ರಿಯ ಹತ್ತಿರ ಹೋದಾಗ ಗುಟ್ಟು ಹೊರಬಿತ್ತು. ಅವರು ಬಿರುಕಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಒಂದು ಚುಕ್ಕೆ ತೋರಿಸಿದರು. "ಇದು ಹಳೇ ಏಟು ಕಣಮ್ಮ. ನಿಮ್ಮ ನೀರಲ್ಲ, ಇದು ಒಡೆದಿದ್ದು" ಅಂದರು. ಆಗ ಯಜಮಾನರು ಮೆಲ್ಲಗೆ ಬಾಯಿಬಿಟ್ಟರು. ಎರಡು ತಿಂಗಳ ಹಿಂದೆ ಮದ್ದೂರಿನಿಂದ ಕೆ.ಎಂ. ದೊಡ್ಡಿ ಕಡೆಗೆ ಹೋಗುವಾಗ ಮುಂದಿದ್ದ ಜಲ್ಲಿ ಲಾರಿಯಿಂದ ಕಲ್ಲೊಂದು ಸಿಡಿದು ಟಣ್ ಅಂದಿತ್ತಂತೆ. ಸಣ್ಣದು ತಾನೇ ಅಂತ ಸುಮ್ಮನಿದ್ದರಂತೆ. ನನಗೆ ಹೇಳಿರಲೂ ಇಲ್ಲ!

ಈಗ ನೋಡಿ, ನಮ್ಮ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಮಾಗಿಯ ಬೆಳಗಿನ ಜಾವ ಹೆಚ್ಚೆಂದರೆ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಅಷ್ಟು ಚಳಿಗೆ ನೆಟ್ಟಗಿರುವ ಗಾಜು ಬಿರಿಯುವುದಿಲ್ಲ. ತಣ್ಣಗಿರುವ ಗಾಜಿನ ಒಂದು ಕಡೆ ಮಾತ್ರ ದಿಢೀರನೆ ಕಾದರೆ ಅಲ್ಲಿ ಹಿಗ್ಗುತ್ತದೆ, ಪಕ್ಕದಲ್ಲಿ ಹಿಗ್ಗುವುದಿಲ್ಲ. ಆ ಜಗ್ಗಾಟ ಎಲ್ಲಿ ಮೊದಲೇ ಏಟು ಬಿದ್ದಿದೆಯೋ ಅಲ್ಲಿಂದ ಸೀಳಿಕೊಂಡು ಹೊರಡುತ್ತದೆ. ಗಾಜಿನ ಲೋಟಕ್ಕೆ ಬಿಸಿ ಕಾಫಿ ಸುರಿದು ಕೈ ಸುಟ್ಟುಕೊಂಡವರಿಗೆ, ಉಪ್ಪಿನಕಾಯಿ ಬಾಟಲಿಗೆ ಸುಡುವ ಒಗ್ಗರಣೆ ಹಾಕಿ ಪೇಚಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಅಡಿಗೆಮನೆಯಲ್ಲಿ ಗೊತ್ತಿದ್ದದ್ದು ಅಂಗಳಕ್ಕೆ ಬರುವಷ್ಟರಲ್ಲಿ ನನಗೆ ಮರೆತುಹೋಗಿತ್ತು. ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಗಾಜಿನ ಮೇಲೆ ತಣ್ಣೀರು ಎರಚಿದರೂ ಇದೇ ಕಥೆ.

ಮುಂದಿನ ಗಾಜು ಒಂದೇ ಹಾಳೆಯಲ್ಲ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ಕಿನ ತೆಳು ಪೊರೆ ಇಟ್ಟು ಒತ್ತಿರುತ್ತಾರೆ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಎಂಬ ರಸಾಯನಶಾಸ್ತ್ರಜ್ಞರ ಕೈತಪ್ಪಿ ಗಾಜಿನ ಬುರುಡೆ ಕೆಳಗೆ ಬಿತ್ತಂತೆ. ಒಡೆಯಿತು, ಆದರೆ ಚೂರು ಚೆದುರಲಿಲ್ಲ. ಒಳಗೆ ಒಣಗಿದ್ದ ಅಂಟಿನಂಥ ಪೊರೆ ಹಿಡಿದುಕೊಂಡಿತ್ತು. ಅಲ್ಲಿಂದ ಹುಟ್ಟಿದ್ದು ಈ ಗಾಜು. ಹಾಗಾಗಿ ಬಿರುಕು ಬಿಟ್ಟರೂ ಅದು ಮಡಿಲಿಗೆ ಸುರಿಯುವುದಿಲ್ಲ. ಸುರಿಯುವುದಿಲ್ಲ ಅಂತ ಹಾಗೇ ಓಡಿಸಿಕೊಂಡಿರುವುದೂ ಸರಿಯಲ್ಲ. ರಾತ್ರಿ ಎದುರು ಬರುವ ಗಾಡಿಯ ದೀಪ ಬಿರುಕಿನಲ್ಲಿ ಚೆದುರಿ ಕಣ್ಣು ಕತ್ತಲೆಗಟ್ಟುತ್ತದೆ. ಇನ್ನೊಂದು ಮಾತು. ಅಪಘಾತವಾದಾಗ ಎಡಗಡೆ, ಅಂದರೆ ನಾವು ಕೂರುವ ಕಡೆ, ಉಬ್ಬುವ ಗಾಳಿಚೀಲ ಎಷ್ಟೋ ಕಾರುಗಳಲ್ಲಿ ಆ ಗಾಜಿಗೇ ಒರಗಿ ನಿಲ್ಲುವುದು.

ಚುಕ್ಕೆ ಬಿದ್ದ ಕೂಡಲೇ ಹೋಗಿದ್ದರೆ ಏನಾಗುತ್ತಿತ್ತು ಅಂತ ಮೇಸ್ತ್ರಿಯನ್ನು ಕೇಳಿದೆ. ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾಗಿದ್ದು, ಓಡಿಸುವವರ ಕಣ್ಣಿಗೆ ನೇರ ಇಲ್ಲದಿದ್ದರೆ, ಒಳಗಿನ ಗಾಳಿ ಎಳೆದು ಅಂಟುದ್ರಾವಣ ತುಂಬಿ, ನೇರಳಾತೀತ ದೀಪ ಹಿಡಿದು ಗಟ್ಟಿ ಮಾಡುತ್ತಾರಂತೆ. ಅರ್ಧ ಗಂಟೆ ಕೆಲಸ, ಕೆಲವು ನೂರು ರೂಪಾಯಿ. ಗುರುತು ಸ್ವಲ್ಪ ಉಳಿಯುತ್ತದೆ, ಆದರೆ ಹರಡುವುದಿಲ್ಲ. ಅಲ್ಲಿಗೆ ಹೋಗುವ ತನಕ ಚುಕ್ಕೆಯ ಮೇಲೆ ಪಾರದರ್ಶಕ ಟೇಪಿನ ತುಂಡು ಅಂಟಿಸಿ. ನೀರು, ಸೋಪು, ಧೂಳು ಒಳಗೆ ಹೋದರೆ ದ್ರಾವಣ ಹಿಡಿಯುವುದಿಲ್ಲ. ಉಗುರಿನ ಬಣ್ಣ, ಕ್ಷಣದಲ್ಲಿ ಅಂಟುವ ಗೋಂದು ಇವೆಲ್ಲ ಹಚ್ಚಲೇಬೇಡಿ, ಆಮೇಲೆ ರಿಪೇರಿಗೂ ಬರುವುದಿಲ್ಲ.

ನಮ್ಮದು ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡ ಹಾಗಾಯಿತು. ಇಡೀ ಗಾಜು ಬದಲಿಸಿ ಬಿಲ್ಲು 7,800 ರೂಪಾಯಿ. ಮಗಳ ಕಾಲೇಜಿನ ಎರಡನೇ ಕಂತಿಗೆ ಅಂತ ನಾನು ಕೂಡಿಟ್ಟಿದ್ದ ದುಡ್ಡು.

"ವಿಮೆ ಇದೆಯಲ್ಲ" ಅಂತೀರಾ? ನಾನೂ ಬೀರು ತೆಗೆದು ಕಾಗದ ಹುಡುಕಿದೆ. ನೀವೂ ಇವತ್ತೇ ತೆಗೆದು ನೋಡಿ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಮೂರನೆಯವರ ವಿಮೆ ಮಾತ್ರ. ಅದರಲ್ಲಿ ನಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ ದುಡ್ಡು ಬರುತ್ತದೆ, ನಮ್ಮ ಗಾಜಿಗೆ ಬಿಡಿಕಾಸೂ ಇಲ್ಲ. ಸ್ವಂತ ಗಾಡಿಯ ಹಾನಿಯೂ ಸೇರಿದ ಸಮಗ್ರ ಪಾಲಿಸಿ ಇದ್ದರೆ ಮಾತ್ರ ಗಾಜಿಗೆ ಸಿಗುತ್ತದೆ. ಅದರಲ್ಲಿ ಒಂದು ಒಳ್ಳೆಯ ಸಂಗತಿಯಿದೆ. ಕಾರು ಎಷ್ಟೇ ಹಳೆಯದಾದರೂ ಗಾಜಿಗೆ ಸವಕಳಿ ಕಳೆಯುವುದಿಲ್ಲ. ರಬ್ಬರು, ಪ್ಲಾಸ್ಟಿಕ್ ಭಾಗಗಳಿಗಾದರೆ ಅರ್ಧ ಕಳೆಯುತ್ತಾರೆ. 1500 ಸಿಸಿಯೊಳಗಿನ ಕಾರಿಗೆ ಮೊದಲ 1,000 ರೂಪಾಯಿ ನಮ್ಮದೇ, ಅದಕ್ಕಿಂತ ದೊಡ್ಡದಕ್ಕೆ 2,000.

ನಮ್ಮದು ಸಮಗ್ರ ಪಾಲಿಸಿಯೇ. ಸರಿ, 6,800 ಬರುತ್ತದೆ ಅಂತ ಹಿಗ್ಗಿದೆ. ಅಷ್ಟರಲ್ಲಿ ವಿಮೆ ಮಾಡಿಸಿಕೊಡುವ ಹುಡುಗ, "ಅಕ್ಕಾ, ಬೋನಸ್ ನೋಡಿಕೊಂಡು ಕ್ಲೇಮ್ ಮಾಡಿ" ಅಂದ. ಏನದು? ಕ್ಲೇಮ್ ಮಾಡದೆ ವರ್ಷ ಕಳೆದರೆ ಸ್ವಂತ ಹಾನಿಯ ಕಂತಿನಲ್ಲಿ ಮೊದಲ ವರ್ಷಕ್ಕೆ ಶೇಕಡ 20, ಆಮೇಲೆ 25, 35, 45, ಕೊನೆಗೆ 50 ರಿಯಾಯಿತಿ. ಒಮ್ಮೆ ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸೊನ್ನೆ, ಮತ್ತೆ ಕೆಳಗಿನ ಮೆಟ್ಟಿಲಿನಿಂದ ಹತ್ತಬೇಕು. ನಮಗೆ 50 ಇತ್ತು. ಮಗಳ ಹಳೇ ನೋಟುಪುಸ್ತಕದಲ್ಲಿ ಲೆಕ್ಕ ಹಾಕಿದೆ. ರಿಯಾಯಿತಿಗೆ ಮುಂಚಿನ ಕಂತು 6,000 ರೂಪಾಯಿ. ಮತ್ತೆ 50ಕ್ಕೆ ಏರುವಷ್ಟರಲ್ಲಿ ಐದು ವರ್ಷ ಕಳೆದುಕೊಳ್ಳುವುದು 3,000, 1,800, 1,500, 900, 300. ಒಟ್ಟು 7,500! ಕಾರಿನ ಬೆಲೆ ವರ್ಷವರ್ಷ ಇಳಿಯುವುದರಿಂದ ಕಂತೂ ಇಳಿದು ಇದು ಕಡಿಮೆಯಾಗಬಹುದು. ಆದರೂ ಸಿಗುವುದಕ್ಕೂ ಹೋಗುವುದಕ್ಕೂ ಹೆಚ್ಚು ಅಂತರವಿಲ್ಲ. ನಾವು ಕ್ಲೇಮ್ ಮಾಡಲಿಲ್ಲ. ನಿಮ್ಮ ಬೋನಸ್ ಇನ್ನೂ 20ರಲ್ಲೇ ಇದ್ದರೆ, ಗಾಜಿನ ಬೆಲೆ ದೊಡ್ಡದಾಗಿದ್ದರೆ, ಅಥವಾ ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆ ತಗೊಂಡಿದ್ದರೆ ಧಾರಾಳವಾಗಿ ಮಾಡಿ. ಆದರೆ ರಿಪೇರಿಗೆ ಕೈಹಾಕುವ ಮುಂಚೆ ಕಂಪನಿಗೆ ತಿಳಿಸಿ, ಒಡೆದ ಗಾಜಿನ ಫೋಟೋ ತೆಗೆದಿಟ್ಟುಕೊಳ್ಳಿ.

ಕಲ್ಲು ಹಾರಿಸಿದ ಲಾರಿಯವನನ್ನೇ ಕೇಳಬಾರದೇ ಅಂದರೆ, ನಂಬರು ಬೇಕು, ಸಾಕ್ಷಿ ಬೇಕು, ಅಲೆದಾಟ ಬೇಕು. ಟಾರ್ಪಾಲು ಹೊದಿಸದ ಜಲ್ಲಿ ಲಾರಿ ಕಂಡರೆ ದೂರ ಉಳಿಯಲು ಯಜಮಾನರಿಗೆ ಹೇಳುವುದೇ ವಾಸಿ. 2023ರ ಮಾರ್ಚ್ 12ರಂದು ನಮ್ಮ ಜಿಲ್ಲೆಯಲ್ಲೇ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಂತೂ ಇನ್ನೂ ಎಚ್ಚರ. ವೇಗ ಎರಡರಷ್ಟಾದರೆ ಕಲ್ಲಿನ ಪೆಟ್ಟು ನಾಲ್ಕರಷ್ಟು.

ಹೊಸ ಗಾಜು ಕೂರಿಸಿದ ದಿನ ಅಂಟು ಒಣಗುವ ತನಕ ಗಾಡಿ ಅಲ್ಲೇ ಬಿಟ್ಟುಬನ್ನಿ. ಮೊದಲ ದಿನ ಬಾಗಿಲು ಧಡಾರನೆ ಹಾಕಬೇಡಿ, ಒಳಗಿನ ಗಾಳಿ ಗಾಜನ್ನು ತಳ್ಳುತ್ತದೆ.

ಈಗ ಇಬ್ಬನಿಗೆ ಬಿಸಿನೀರಿಲ್ಲ, ನಲ್ಲಿಯ ನೀರೇ ಸಾಕು. ಒಳಗಡೆ ಉಸಿರಿಗೆ ಮಂಜು ಕಟ್ಟಿದರೆ ಎ.ಸಿ. ಹಾಕಿದರೆ ತೇವ ಹೋಗುತ್ತದೆ. ಹೀಟರನ್ನು ಒಮ್ಮೆಲೇ ಪೂರ್ತಿ ತಿರುಗಿಸಬೇಡಿ. ಅದಕ್ಕಿಂತ ಸುಲಭದ್ದು ನಮ್ಮತ್ತೆ ಹೇಳಿದ್ದು. ರಾತ್ರಿ ಮಲಗುವ ಮುಂಚೆ ಹಳೇ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಗಾಜಿನ ಮೇಲೆ ಹಾಸಿ ವೈಪರ್ ಕಡ್ಡಿಗೆ ಸಿಕ್ಕಿಸಿಬಿಡುವುದು. ಬೆಳಗ್ಗೆ ಸೀರೆ ನೆಂದಿರುತ್ತದೆ, ಗಾಜು ಒಣಗಿರುತ್ತದೆ. "ಕಾರಿಗೂ ಸೀರೆ ಉಡಿಸಿದ್ರಾ?" ಅಂತ ಎದುರುಮನೆಯಾಕೆ ನಗುತ್ತಿದ್ದರು. ಮೊನ್ನೆಯಿಂದ ಅವರ ಕಾರಿನ ಮೇಲೂ ಒಂದು ಹಸಿರು ಸೀರೆ ಕಾಣುತ್ತಿದೆ.